ಸೋತದ್ದು ಯಂತ್ರ, ಕಂಪನಿಯಲ್ಲ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ವಿಡಿಯೋ ಗೇಮ್ ಆಡುವ ಹುಡುಗರಿದ್ದರೆ ಸ್ವಲ್ಪ ರೇಡಿಯೋ ಹತ್ತಿರ ಕರೆಯಿರಿ. ಇವತ್ತಿನ ಮಾತು ಅವರಿಗೇ. ಅದರಲ್ಲೂ, ತಮ್ಮ ಇಷ್ಟದ ಕಂಪನಿಯ ಆಟದ ಯಂತ್ರ ಸರಿಯಾಗಿ ಮಾರಾಟವಾಗಲಿಲ್ಲ ಅಂದ ಕೂಡಲೇ 'ಮುಗೀತು, ಯಜಮಾನನನ್ನು ಓಡಿಸಿ' ಎಂದು ಕೂಗುವವರಿಗೆ.

ಜಪಾನಿನ ಕ್ಯೋಟೋದಲ್ಲಿ ನಿಂಟೆಂಡೋ ಅಂತ ಕಂಪನಿ ಇದೆ. ಮೀಸೆ ಮಾರಿಯೋ ಗೊತ್ತಲ್ವಾ? ಅವನ ತವರು. 2006ರಲ್ಲಿ ಇವರು ತಂದ ವೀ ಎಂಬ ಯಂತ್ರ 10 ಕೋಟಿಗೂ ಜಾಸ್ತಿ ಮಾರಾಟವಾಯಿತು. 2012ರಲ್ಲಿ ವೀ ಯು ಬಂತು. ಅದು ಕೊನೆಯವರೆಗೂ 1 ಕೋಟಿ 36 ಲಕ್ಷ ಮುಟ್ಟಲಿಲ್ಲ. ಹೆಸರೇ ಮುಳುವಾಯಿತು. ಇದು ಹೊಸ ಯಂತ್ರವಲ್ಲ, ಹಳೇ ವೀಗೆ ಬಂದ ಹೊಸ ಕಂಟ್ರೋಲರ್, ಅಂದರೆ ಕೈಯಲ್ಲಿ ಹಿಡಿದು ಆಡುವ ಸಾಧನ ಅಂತ ಎಷ್ಟೋ ಜನ ತಿಳಿದುಕೊಂಡರು. ಅಷ್ಟೇ. ಸೋತದ್ದು ಯಂತ್ರ, ಕಂಪನಿಯಲ್ಲ.

2014ರ ಜನವರಿಯಲ್ಲಿ, ಆ ಮಾರ್ಚ್‌ಗೆ ಮುಗಿಯುವ ಲೆಕ್ಕದ ವರ್ಷದಲ್ಲಿ 90 ಲಕ್ಷ ವೀ ಯು ಮಾರುತ್ತೇವೆ ಎಂದಿದ್ದವರು 28 ಲಕ್ಷ ಎಂದು ಲೆಕ್ಕ ತಿದ್ದಿದರು. ಶುರುವಾಯಿತು ನೋಡಿ ಗಲಾಟೆ! ಯಂತ್ರ ಮಾಡೋದು ಬಿಡಿ, ಮಾರಿಯೋನನ್ನು ಮೊಬೈಲಿಗೆ ಹಾಕಿ, ಅಧ್ಯಕ್ಷ ಸತೋರು ಇವಾಟಾ ಮನೆಗೆ ಹೋಗಲಿ. ಅವರಿಗೆ ಆಟವೇ ಅರ್ಥವಾಗಲ್ಲ ಅಂತ ಬೇರೆ.

ಆಟ ಅರ್ಥವಾಗಲ್ಲವಂತೆ! ಈ ಕಥೆ ಹೇಳದೆ ನನಗೆ ಸಮಾಧಾನವಿಲ್ಲ. ಇವಾಟಾ ಇನ್ನೂ ನಿಂಟೆಂಡೋಗೆ ಸೇರಿರದ ಕಾಲ. ನಿಂಟೆಂಡೋದ 'ಮದರ್ 2' ಎಂಬ ಆಟ ನಾಲ್ಕು ವರ್ಷದಿಂದ ಮುಗಿಯದೆ ಎಳೆದಾಡುತ್ತಿತ್ತು. ಕೈಬಿಡೋಣ ಅನ್ನುವ ಹಂತಕ್ಕೆ ಬಂದಿತ್ತು. ಇವಾಟಾ ಆಗ ಹಾಲ್ ಲ್ಯಾಬೊರೇಟರಿ ಎಂಬ ಚಿಕ್ಕ ಕಂಪನಿಯಲ್ಲಿದ್ದರು. ಆ ಕಂಪನಿಯೂ ಸಾಲದಲ್ಲಿ ಮುಳುಗಿತ್ತು. ಅದನ್ನೂ ಇವರೇ ದಡ ಸೇರಿಸಿದರು ಅನ್ನಿ, ಅದು ಬೇರೆ ಕಥೆ. ಇವಾಟಾ ಬಂದು ಕೂತು ಆ ಆಟದ ಕೋಡ್ ಎಲ್ಲ ನೋಡಿದರು. ಇದನ್ನೇ ತೇಪೆ ಹಾಕುತ್ತಾ ಹೋದರೆ ಎರಡು ವರ್ಷ, ಮೊದಲಿಂದ ಬರೆಯಲು ಬಿಟ್ಟರೆ ಆರು ತಿಂಗಳು ಎಂದರು. ಯಾವುದು ಬೇಕು ನೀವೇ ಹೇಳಿ ಎಂದು ತೀರ್ಮಾನ ಆ ತಂಡಕ್ಕೇ ಬಿಟ್ಟರು. ತಂಡ ಆರು ತಿಂಗಳನ್ನೇ ಆರಿಸಿತು. 1994ರಲ್ಲಿ ಆಟ ಹೊರಬಂತು. ನಾನೂ ಹೊಟ್ಟೆಪಾಡಿಗೆ ಕೋಡ್ ಬರೆಯುವವನೇ. ಬೇರೆಯವರು ಬರೆದ ಹಳೇ ಕೋಡ್ ಮುಂದೆ ಹಾಗೆ ಧೈರ್ಯವಾಗಿ ಮಾತಾಡೋದು ಅಂದರೆ ಏನು ಅಂತ ನನಗೆ ಗೊತ್ತು. ನಾನಾಗಿದ್ದರೆ ಎರಡು ವರ್ಷ ಎಂದು ಹೇಳಿ ಮೂರು ತೆಗೆದುಕೊಳ್ಳುತ್ತಿದ್ದೆ.

ಇಂಥ ಮನುಷ್ಯ 2014ರಲ್ಲಿ ಏನು ಮಾಡಿದರು? ಐದು ತಿಂಗಳು ತಮ್ಮ ಸಂಬಳ ಅರ್ಧ ಮಾಡಿಕೊಂಡರು. ನೌಕರರನ್ನು ತೆಗೆದು ಲೆಕ್ಕ ಸರಿಮಾಡುವ ದಾರಿ ಅವರಿಗೆ ಒಪ್ಪಿಗೆ ಇರಲಿಲ್ಲ. ಕೆಲಸ ಹೋಗುತ್ತೆ ಎಂದು ಹೆದರಿ ಕೂತವರು ಜನರ ಮನಸ್ಸು ಗೆಲ್ಲುವ ಆಟ ಮಾಡಲಾರರು ಎಂದು ಹಿಂದಿನ ವರ್ಷವೇ ಹೇಳಿದ್ದರು. ನಿಂಟೆಂಡೋ ಪೆಟ್ಟಿಗೆಯಲ್ಲಿ ದುಡ್ಡೂ ಬೇಕಾದಷ್ಟಿತ್ತು. ಮತ್ತೆ ಹೇಳುತ್ತೇನೆ, ಸೋತದ್ದು ಯಂತ್ರ, ಕಂಪನಿಯಲ್ಲ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. 2015ರ ಜುಲೈನಲ್ಲಿ ಇವಾಟಾ ತೀರಿಕೊಂಡರು. ವಯಸ್ಸು 55. ಹಿಂದಿನ ವರ್ಷ ಓಡಿಸಿ ಎಂದಿದ್ದ ಅಭಿಮಾನಿ ಬಳಗವೇ ಗೊಳೋ ಎಂದು ಅತ್ತಿತು. ಅವರ ಕಾಲದಲ್ಲೇ ಕೆಲಸ ಶುರುವಾಗಿದ್ದ ಸ್ವಿಚ್ ಎಂಬ ಯಂತ್ರ 2017ರಲ್ಲಿ ಬಂದು 15 ಕೋಟಿ ದಾಟಿತು. ವೀ ಯುನಲ್ಲಿ ಸುಮಾರು 84 ಲಕ್ಷ ಮಾರಿದ್ದ 'ಮಾರಿಯೋ ಕಾರ್ಟ್ 8' ಆಟ, ಸ್ವಲ್ಪ ಸೇರಿಸಿ ಸ್ವಿಚ್‌ಗೆ ತಂದಾಗ, 6 ಕೋಟಿ ಮೀರಿತು. ಆಟ ಅದೇ. ಯಂತ್ರ ಬೇರೆ.

ಅಭಿಮಾನಿಗಳು ಕಲಿತರಾ? ಎಲ್ಲಿ! 2025ರ ಏಪ್ರಿಲ್‌ನಲ್ಲಿ ಸ್ವಿಚ್ 2 ತೋರಿಸಿದಾಗ, ಕಂಪನಿಯ ನೇರ ಪ್ರಸಾರದ ಉದ್ದಕ್ಕೂ 'ಬೆಲೆ ಇಳಿಸಿ, ಬೆಲೆ ಇಳಿಸಿ' ಎಂಬ ಸಂದೇಶಗಳ ಸುರಿಮಳೆ. ಜೂನ್ 5ಕ್ಕೆ ಯಂತ್ರ ಅಂಗಡಿಗೆ ಬಂತು. ನಾಲ್ಕೇ ದಿನದಲ್ಲಿ 35 ಲಕ್ಷ ಖರ್ಚಾಯಿತು. ಆ ಕ್ಯೂನಲ್ಲಿ ನಿಂತವರಲ್ಲಿ ಕೂಗಿದವರು ಎಷ್ಟು ಜನ ಇದ್ದರೋ! ನಮಸ್ಕಾರ.