ಹತ್ತು ಪೌಂಡಿನವರು

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯಾ? ಸರಿ. ಊಟಕ್ಕೆ ಮೊದಲು ನನಗೆ 40 ನಿಮಿಷ ಕೊಟ್ಟಿದ್ದಾರೆ. ಅಡುಗೆಮನೆಯಿಂದ ಬಿಸಿಬೇಳೆಬಾತಿನ ಘಮ ಬರುತ್ತಿದೆ. ಅದರ ಜೊತೆ ಪೈಪೋಟಿ ಕಷ್ಟ. ಆದರೂ ನೋಡೋಣ.

ಹೋದ ತಿಂಗಳ ಸಭೆಯಲ್ಲಿ ನಮ್ಮ ಸಂಘದ ಪುಸ್ತಕಗಳ ವಿಷಯ ಬಂತು, ನೆನಪಿದೆ ಅಲ್ವಾ? 11 ಪೆಟ್ಟಿಗೆ ಕನ್ನಡ ಪುಸ್ತಕ, ಒಬ್ಬರ ಗ್ಯಾರೇಜಿನಲ್ಲಿ ಕೂತಿವೆ. ಗ್ಯಾರೇಜಿನಲ್ಲಿ ತೇವ. ಒಳ್ಳೆ ಕೋಣೆ ಸಿಗಬೇಕು, ಕಪಾಟು ಮಾಡಿಸಬೇಕು, ದೊಡ್ಡ ದಾನಿಗಳು ಬರಬೇಕು, ಅಲ್ಲಿಯವರೆಗೆ ಇರಲಿ ಬಿಡಿ ಅಂತ ತೀರ್ಮಾನವಾಯಿತು. ನಾನೂ ತಲೆ ಆಡಿಸಿದೆ. ಮನೆಗೆ ಹೋದ ಮೇಲೆ ನಿದ್ದೆ ಬರಲಿಲ್ಲ. ಆ ರಾತ್ರಿಯೇ ಕಾರ್ಯದರ್ಶಿಗಳಿಗೆ ಬರೆದೆ, ಮುಂದಿನ ಉಪನ್ಯಾಸ ನಾನು ಕೊಡುತ್ತೇನೆ, ಒಂದು ಹಾಯಿಹಡಗಿನ ಬಗ್ಗೆ ಅಂತ. "ಪುಸ್ತಕಕ್ಕೂ ಹಡಗಿಗೂ ಏನು ಸಂಬಂಧ ಸಾರ್?" ಅಂದರು. ಬಂದು ಹೇಳುತ್ತೇನೆ ಅಂದೆ. ಬಂದಿದ್ದೇನೆ.

ಹಡಗಿನ ಹೆಸರು ಎಂಡೆವರ್. ನಾವೆಲ್ಲ ಅನ್ನ ತಿನ್ನುತ್ತಿರುವ ಇಂಗ್ಲೆಂಡಿನ ಈ ಹ್ಯಾಂಪ್‌ಷೈರಿನದೇ ಕೂಸು. 1934ರಲ್ಲಿ ಗಾಸ್ಪೋರ್ಟಿನ ಕ್ಯಾಂಪರ್ ಅಂಡ್ ನಿಕಲ್ಸನ್ಸ್ ಬೋಟ್‌ಯಾರ್ಡಿನಲ್ಲಿ ಕಟ್ಟಿದ್ದು. ನಕ್ಷೆ ಚಾರ್ಲ್ಸ್ ನಿಕಲ್ಸನ್ ಅವರದು. ಉದ್ದ ಸುಮಾರು 130 ಅಡಿ. ಬೆಂಗಳೂರಿನ ಸಿಟಿ ಬಸ್ಸು ಮೂರು, ಒಂದರ ಹಿಂದೆ ಒಂದು ನಿಲ್ಲಿಸಿ, ಅದಕ್ಕಿಂತ ಸ್ವಲ್ಪ ಜಾಸ್ತಿ. ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, 150 ಅಡಿಗೂ ಎತ್ತರ. ಹಾಯಿ ಸುಮಾರು 7,500 ಚದರ ಅಡಿ. ನಿಮಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಆರು ಥರ್ಟಿ-ಫಾರ್ಟಿ ಸೈಟು ಗಾಳಿಯಲ್ಲಿ ನೇತಾಡಿದ ಹಾಗೆ. ನೋಡಿ, ಸೈಟು ಅಂದ ಕೂಡಲೇ ಎಲ್ಲರೂ ನೆಟ್ಟಗೆ ಕೂತಿರಿ.

ಇವುಗಳಿಗೆ ಜೆ ಕ್ಲಾಸ್ ಅಂತ ಹೆಸರು. 1930ರಿಂದ 1937ರ ಒಳಗೆ ಒಟ್ಟು 10 ಕಟ್ಟಿದರು. ಅಮೆರಿಕದಲ್ಲಿ 6, ಇಲ್ಲಿ 4. ಹೆಚ್ಚಿನವು ಒಂದೇ ಕಪ್ಪಿಗಾಗಿ. ಹಾಯಿಹಡಗಿನ ಪಂದ್ಯದ ಅಮೆರಿಕಾಸ್ ಕಪ್. 1851ರಲ್ಲಿ ಅಮೆರಿಕದವರು ಇದೇ ವೈಟ್ ದ್ವೀಪ ಸುತ್ತಿ ಅದನ್ನು ಗೆದ್ದುಕೊಂಡು ಹೋದರು. 1983ರವರೆಗೆ ಬಿಡಲಿಲ್ಲ.

ಎಂಡೆವರ್ ಕಟ್ಟಿಸಿದವರು ಟಾಮ್ ಸಾಪ್‌ವಿತ್, ವಿಮಾನದ ಸಾಹುಕಾರ. ಎಚ್‌ಎಎಲ್ ಕಡೆಯವರು ಯಾರಾದರೂ ಇದ್ದೀರಾ ಇಲ್ಲಿ? ಅದೋ ಇಬ್ಬರು. ನಿಮ್ಮ ಬೆಂಗಳೂರಿನಲ್ಲಿ ನ್ಯಾಟ್ ಯುದ್ಧವಿಮಾನ ಮಾಡುತ್ತಿದ್ದರಲ್ಲ, 1965ರ ಯುದ್ಧದಲ್ಲಿ ಹೆಸರು ಮಾಡಿತಲ್ಲ, ಅದು ಹುಟ್ಟಿದ್ದು ಇಲ್ಲೇ ಹ್ಯಾಂಬಲ್‌ನಲ್ಲಿ, ಫಾಲಂಡ್ ಕಂಪನಿಯಲ್ಲಿ. 1959ರಲ್ಲಿ ಫಾಲಂಡನ್ನು ಹಾಕರ್ ಸಿಡ್ಲಿ ಅನ್ನುವ ವಿಮಾನ ಕಂಪನಿ ಕೊಂಡುಕೊಂಡಿತು. ಆಗ ಹಾಕರ್ ಸಿಡ್ಲಿಯ ಅಧ್ಯಕ್ಷರು ಇದೇ ಸಾಪ್‌ವಿತ್. ಹ್ಯಾಂಬಲ್ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1934ರಲ್ಲಿ ಕಪ್ ಈ ಕಡೆ ಬಂದೇ ಬಿಡಬೇಕಿತ್ತು. ಎಂಡೆವರ್ ಅಷ್ಟು ಒಳ್ಳೆಯ ಹಡಗು. ಆದರೆ ಹೊರಡುವ ಹೊತ್ತಿಗೆ ನಾವಿಕರು ಸಂಬಳ ಜಾಸ್ತಿ ಕೇಳಿದರು. ಆ ಕಾಲದ ಯಾಟ್, ಅಂದರೆ ಇಂಥ ಹಾಯಿಹಡಗುಗಳ, ನಾವಿಕರಲ್ಲಿ ಬಹಳಷ್ಟು ಜನ ಎಸೆಕ್ಸ್ ಕರಾವಳಿಯ ಮೀನುಗಾರರು. ಬೇಸಿಗೆಯಲ್ಲಿ ಸಾಹುಕಾರರ ಹಾಯಿ, ಚಳಿಗಾಲದಲ್ಲಿ ತಮ್ಮ ಬಲೆ. ನಮ್ಮ ಗಂಗೊಳ್ಳಿ, ಮಲ್ಪೆ ಕಡೆಯವರಂತೆ ಕೈಯಲ್ಲೇ ಸಮುದ್ರ ಇಟ್ಟುಕೊಂಡವರು. ಸಾಪ್‌ವಿತ್ ಒಪ್ಪಲಿಲ್ಲ. ಅವರನ್ನು ಬಿಟ್ಟು, ಹವ್ಯಾಸಕ್ಕೆ ಹಾಯಿ ಹಿಡಿಯುತ್ತಿದ್ದವರನ್ನು ಹತ್ತಿಸಿಕೊಂಡು ಹೋದರು. ಮೊದಲ ಎರಡು ಪಂದ್ಯ ಗೆದ್ದರು. ಮೂರನೆಯದರಲ್ಲೂ ಮುಂದಿದ್ದರು. ಅದನ್ನು ಸೋತರು. ಅದರ ಮೇಲೆ ಇನ್ನೂ ಮೂರು. 4-2. ಅಷ್ಟು ದುಡ್ಡು ಸುರಿದ ಮನುಷ್ಯ ಕೂಲಿಯಲ್ಲಿ ಲೆಕ್ಕ ಹಾಕಿದ. ಯಾವ ಊರಿಗೆ ಹೋದರೂ ಇದೇ ಕತೆ.

1937ರಲ್ಲಿ ಎರಡನೇ ಎಂಡೆವರ್ ಕಟ್ಟಿಸಿ ಮತ್ತೆ ಹೋದರು, ಮತ್ತೆ ಸೋತರು. ಅಭ್ಯಾಸಕ್ಕೆ ಜೊತೆಗೆ ಒಯ್ದಿದ್ದ ಮೊದಲ ಎಂಡೆವರ್ ವಾಪಸ್ ಬರುವಾಗ ಅಟ್ಲಾಂಟಿಕ್ ಬಿರುಗಾಳಿಯಲ್ಲಿ ಎಳೆಯುತ್ತಿದ್ದ ಹಗ್ಗ ಹರಿದುಕೊಂಡಿತು. ಮುಳುಗಿತು ಅಂತಲೇ ಎಲ್ಲರೂ ಕೈಬಿಟ್ಟರು. ಕಡೆಗೆ ಸುರಕ್ಷಿತವಾಗಿ ದಡ ಸೇರಿತು. ಬಿರುಗಾಳಿಗೆ ಏನೂ ಆಗದ ಹಡಗು ಅದು. ಅದಕ್ಕೆ ಏನಾದರೂ ಆಗಿದ್ದು ದಡದಲ್ಲಿ ಕಟ್ಟಿಹಾಕಿದ ಮೇಲೆ.

ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ. ಈ ನದಿಗಳ ಯಾರ್ಡುಗಳಲ್ಲಿ 30 ವರ್ಷ ಉಕ್ಕಿನ ತಪಾಸಣೆ ಮಾಡಿದವನು ನಾನು. ನನ್ನ ಮುಖ್ಯ ಸಲಕರಣೆ ಒಂದು ಸಣ್ಣ ಸುತ್ತಿಗೆ. ತಟ್ಟುತ್ತಾ ಹೋಗುವುದು. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ. ತಿಂದುಹೋಗಿದ್ದರೆ ದಬ್ ಅನ್ನುತ್ತದೆ. ತೆಂಗಿನಕಾಯಿ ವ್ಯಾಪಾರ ಇದ್ದ ಹಾಗೆ. ಮರದ ದೋಣಿಯನ್ನು ದಡದಲ್ಲಿ ಒಣಗಲು ಬಿಟ್ಟರೆ ಹಲಗೆ ಕುಗ್ಗಿ ಸೀಳು ಬಿಡುತ್ತದೆ. ಉಕ್ಕಿನದನ್ನು ಉಪ್ಪುನೀರಲ್ಲಿ ಬಿಟ್ಟರೆ ತುಕ್ಕು. ತುಕ್ಕಿಗೆ ಒಂದು ಕೆಟ್ಟ ಗುಣ ಇದೆ. ಅದು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಹಿಡಿಯುತ್ತದೆ. ಎರಡು ತಗಡಿನ ನಡುವೆ ಹುಟ್ಟಿದರೆ ಊದಿಕೊಂಡು ಎರಡನ್ನೂ ಬೇರೆ ಮಾಡುತ್ತದೆ. ಕೆಲವು ಸಂಸಾರಗಳಲ್ಲಿ ಮಾವನ ಮನೆಯವರು ಮಾಡುವ ಕೆಲಸ. ಬೇಡ, ಅಲ್ಲಿ ಯಾರೋ ನಗುತ್ತಿಲ್ಲ.

ಬಣ್ಣ ಬಳಿಯುತ್ತಿದ್ದರೆ ತುಕ್ಕು ಬರುವುದಿಲ್ಲ. ಅಷ್ಟೇ. ವರ್ಷಕ್ಕೊಮ್ಮೆ ಕೆರೆದು ಬಳಿಯಬೇಕು. ಯಾರು ಬಳಿಯುತ್ತಾರೆ? ಎರಡನೇ ಮಹಾಯುದ್ಧ ಬಂತು. ಯುದ್ಧ ಮುಗಿದ ಮೇಲೆ ಇಂಥ ಹಡಗಿಗೆ ಬೇಕಾದ 30 ಜನರ ಸಂಬಳ ಕೊಡುವ ಸಾಹುಕಾರರು ಉಳಿಯಲಿಲ್ಲ. 1958ರಲ್ಲಿ ಕಪ್ಪಿನ ಪಂದ್ಯ ಮತ್ತೆ ಶುರುವಾದಾಗ ಚಿಕ್ಕ ದೋಣಿಗಳು ಬಂದವು. ನಾವು "ಆನೆ ಬದುಕಿದರೂ ಸಾವಿರ ವರಹ, ಸತ್ತರೂ ಸಾವಿರ ವರಹ" ಅನ್ನುತ್ತೇವಲ್ಲ, ಇಲ್ಲಿ ಬದುಕಿದರೆ ಬರೀ ಖರ್ಚು, ಸತ್ತರೆ ಮಾತ್ರ ವರಹ. ಹಡಗಿನ ತಳದ ಬೆನ್ನೆಲುಬು, ಕೀಲ್ ಅನ್ನುತ್ತಾರೆ, ಅದರ ತುಂಬ ಹತ್ತಾರು ಟನ್ ಸೀಸ ಇರುತ್ತದೆ. ಸೀಸಕ್ಕೆ ಗುಜರಿಯಲ್ಲಿ ಒಳ್ಳೆ ಬೆಲೆ.

ಅಮೆರಿಕದವರು ಅಚ್ಚುಕಟ್ಟು ಜನ. ತಮ್ಮ 6 ಹಡಗನ್ನೂ ಒಡೆದು ಕರಗಿಸಿಬಿಟ್ಟರು. 1937ರಲ್ಲಿ ಸಾಪ್‌ವಿತ್ ಅವರನ್ನು ಸೋಲಿಸಿದ ರೇಂಜರ್, ಎಲ್ಲಕ್ಕಿಂತ ವೇಗದ್ದು, 1941ರಲ್ಲೇ ಗುಜರಿಗೆ ಹೋಯಿತು. ಇವತ್ತು ಹಳೆಯವು ಅಂತ ಉಳಿದಿರುವುದು 3. ಮೂರೂ ಇಲ್ಲಿಯವೇ. ಯಾಕೆ? ಇಲ್ಲಿಯವರಿಗೆ ಅಷ್ಟು ಅಚ್ಚುಕಟ್ಟುತನ ಇರಲಿಲ್ಲ. ಕೆಸರಿನಲ್ಲಿ ನೂಕಿ ಮರೆತುಬಿಟ್ಟರು. ಸೋಮಾರಿತನವೂ ಒಮ್ಮೊಮ್ಮೆ ಪುಣ್ಯ ಕಟ್ಟಿಕೊಳ್ಳುತ್ತದೆ.

ಹ್ಯಾಂಬಲ್ ನೆನಪಿಟ್ಟುಕೊಳ್ಳಿ ಅಂದಿದ್ದೆ. ವುಲ್‌ವರ್ತ್ಸ್ ಅಂಗಡಿಗಳ ಇಲ್ಲಿನ ಮುಖ್ಯಸ್ಥರು ಸ್ಟೀಫನ್‌ಸನ್. ತಮ್ಮ ಮೂರು ಹೆಣ್ಣುಮಕ್ಕಳು ವೆಲ್ಮಾ, ಷೀಲಾ, ಡ್ಯಾಫ್ನಿ ಹೆಸರನ್ನು ತುಂಡು ಮಾಡಿ ಜೋಡಿಸಿ 1933ರಲ್ಲಿ ವೆಲ್ಷೀಡಾ ಅಂತ ಒಂದು ಜೆ ಕ್ಲಾಸ್ ಹಡಗು ಕಟ್ಟಿಸಿದರು. ಅದು 1937ರಿಂದ 1984ರವರೆಗೆ ಹ್ಯಾಂಬಲ್ ನದಿಯ ಕೆಸರಿನಲ್ಲಿ ಕೂತಿತ್ತು. 47 ವರ್ಷ. ಕೂವೆಮರ ಇಲ್ಲ. ಮನೆಯಂತೆ ಅದರಲ್ಲಿ ವಾಸ ಮಾಡುತ್ತಿದ್ದರು. ಹಾಯಿ ಪ್ರಿಯರು ಅದನ್ನು ಅವಮಾನ ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಒಳಗೆ ಜನ ಇದ್ದರೆ ಸೋರುವುದು ಗೊತ್ತಾಗುತ್ತದೆ. ಹಾಸಿಗೆ ಒದ್ದೆಯಾದರೆ ಯಾರಾದರೂ ಎದ್ದು ನೋಡುತ್ತಾರೆ.

ಮತ್ತೆ ಎಂಡೆವರ್. 1947ರಲ್ಲಿ ಗುಜರಿಗೆ ಮಾರಾಟವಾಯಿತು. ಒಡೆಯುವುದಕ್ಕೆ ಕೆಲವೇ ಗಂಟೆ ಇರುವಾಗ ಬೇರೆಯವರು ಕೊಂಡು ಉಳಿಸಿದರು. ಆಮೇಲೆ ಕೈಯಿಂದ ಕೈಗೆ ಹೋಗುತ್ತಾ ಕೌಸ್ ಊರಿನ ಮೆಡೀನಾ ನದಿಗೆ ಬಂತು. ವೈಟ್ ದ್ವೀಪಕ್ಕೆ ಫೆರಿಯಲ್ಲಿ ಹೋಗಿ ಇಳಿಯುತ್ತೀರಲ್ಲ, ಅದೇ ನದಿ. 1970ರ ದಶಕದಲ್ಲಿ ಅಲ್ಲಿ ಮುಳುಗಿತು. ಅಟ್ಲಾಂಟಿಕ್ ಬಿರುಗಾಳಿ ಗೆದ್ದದ್ದು ಒಂದು ನದಿಯಲ್ಲಿ, ಕಟ್ಟಿದ ಜಾಗದಲ್ಲಿ, ತೂತು ಬಿದ್ದು ಮುಳುಗಿತು.

ಈಗ ನಾನು ಹೇಳಬೇಕೆಂದು ಬಂದ ಕತೆ. ಇದನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೆ ಅಂದರೆ, ನನ್ನ ಹೆಂಡತಿ ಈಗ ಎದ್ದು ಹಪ್ಪಳ ಕರಿಯಲು ಹೋಗುತ್ತಾಳೆ. ನೋಡಿ, ಹೊರಟಳು.

ಆ ಮುಳುಗಿದ ಹಡಗನ್ನು ಇಬ್ಬರು ಬಡಗಿಗಳು ಕೊಂಡುಕೊಂಡರು. ಎಷ್ಟಕ್ಕೆ? 10 ಪೌಂಡಿಗೆ. ಸಾಪ್‌ವಿತ್ ಅವರ ಎಂಡೆವರ್, 10 ಪೌಂಡ್. ಕೊಂಡದ್ದೇನೋ ಸರಿ, ಎತ್ತುವುದು ಹೇಗೆ? ಕ್ರೇನ್ ಇಲ್ಲ, ದುಡ್ಡಿಲ್ಲ. ತೂತುಗಳಿಗೆ ಪ್ಲಾಸ್ಟಿಕ್ ಚೀಲ ತುರುಕಿದರು. ತಮಾಷೆ ಅಲ್ಲ. ಪ್ಲಾಸ್ಟಿಕ್ ಚೀಲ. ನಾವು ತರಕಾರಿ ತಂದು ಸಿಂಕಿನ ಕೆಳಗೆ ಮಡಚಿ ಇಡುತ್ತೇವಲ್ಲ, ಆ ಜಾತಿಯದು.

ಮೊದಲ ಸಲ ಇದನ್ನು ಕೇಳಿದಾಗ ನಾನು ನಕ್ಕೆ. ಆಮೇಲೆ ಯಾರ್ಡಿನಲ್ಲಿ ಸುತ್ತಿಗೆ ಹಿಡಿದು ಯೋಚಿಸಿದೆ. ಇದು ಕೆಲಸ ಮಾಡುತ್ತದೆ, ಯಾಕೆ ಮಾಡುವುದಿಲ್ಲ? ಸಮುದ್ರದ ಇಳಿತದಲ್ಲಿ ನೀರು ಕೆಳಗೆ ಹೋಗುತ್ತದೆ, ತೂತು ಕಾಣುತ್ತದೆ. ಆಗ ತುರುಕಬೇಕು. ಭರತ ಬಂದಾಗ ಹೊರಗಿನ ನೀರು ಒಳಕ್ಕೆ ಒತ್ತುತ್ತದೆ, ಆ ಒತ್ತಡವೇ ಬಿರಡೆಯನ್ನು ಇನ್ನೂ ಬಿಗಿ ಮಾಡುತ್ತದೆ. ಯಾವ ನೀರು ಮುಳುಗಿಸಿತೋ ಅದೇ ನೀರು ಎತ್ತುತ್ತದೆ. ಒಂದು ವರ್ಷ ತಡೆಯುತ್ತದಾ? ಇಲ್ಲ. ಹತ್ತು ದಿನ? ನಾನು ಸಹಿ ಹಾಕುತ್ತಿರಲಿಲ್ಲ. ಆದರೆ ಅವರು ಸಹಿ ಹಾಕಿ ಅಂತ ನನ್ನಂಥ ತಜ್ಞರನ್ನು ಕೇಳಲಿಲ್ಲ. ಕೇಳಿದ್ದರೆ ನಾನು 40 ಪುಟದ ವರದಿ ಕೊಡುತ್ತಿದ್ದೆ. ವರದಿ ಓದುವ ಹೊತ್ತಿಗೆ ಹಡಗು ಕೆಸರಲ್ಲಿ ಇನ್ನೂ ಒಂದು ಅಡಿ ಇಳಿದಿರುತ್ತಿತ್ತು. ಅವರು ತುರುಕಿದರು. ಅದು ತೇಲಿತು.

1984ರಲ್ಲಿ ಎಲಿಜಬೆತ್ ಮೇಯರ್ ಅನ್ನುವ ಅಮೆರಿಕದ ಹೆಣ್ಣುಮಗಳು ಬಂದು ಅದನ್ನು ಕೊಂಡರು. ಆಗ ಅದು ಕಾಲ್ಷಾಟ್ ದಂಡೆಯ ಮೇಲಿತ್ತು. ಮಕ್ಕಳನ್ನು ಕ್ಲೈಂಬಿಂಗ್ ಕಲಿಸಲು ಕರೆದುಕೊಂಡು ಹೋಗುತ್ತೀರಲ್ಲ, ಅದೇ ಹಳೆಯ ಸಮುದ್ರವಿಮಾನದ ನೆಲೆ. ಅಲ್ಲಿನ ಒಂದು ಹ್ಯಾಂಗರಿನ ಹೆಸರು ಏನು ಗೊತ್ತಾ? ಸಾಪ್‌ವಿತ್. ಮುಂದಿನ ಸಲ ಬೋರ್ಡು ನೋಡಿ. ಒಡೆಯನ ಹೆಸರು ಗೋಡೆಯ ಮೇಲೆ, ಅವನ ಹಡಗು ಅದೇ ದಂಡೆಯಲ್ಲಿ ತುಕ್ಕಿನ ಕೊಪ್ಪರಿಗೆ. ಕೂವೆಮರ ಇಲ್ಲ, ಚುಕ್ಕಾಣಿ ಇಲ್ಲ, ಸೀಸ ಇಲ್ಲ, ಒಳಗೆ ಏನೂ ಇಲ್ಲ. ಕದಲಿಸಿದರೆ ಮುರಿಯುವ ಸ್ಥಿತಿ. ಮೇಯರ್ ಅದರ ಸುತ್ತಲೇ ಒಂದು ಶೆಡ್ ಕಟ್ಟಿಸಿ, ಮೈ ಗಟ್ಟಿಯಾದ ಮೇಲೆ ಹಾಲೆಂಡಿಗೆ, ರಾಯಲ್ ಹೌಸ್ಮನ್ ಯಾರ್ಡಿಗೆ ಕಳಿಸಿದರು. ಒಟ್ಟು 5 ವರ್ಷದ ಕೆಲಸ. 1989ರ ಜೂನ್ 22ರಂದು ಹಾಯಿ ಬಿಚ್ಚಿತು. 52 ವರ್ಷದ ನಂತರ.

ಎಲ್ಲರೂ ಮೇಯರ್ ಅವರನ್ನು ಹೊಗಳುತ್ತಾರೆ. ಹೊಗಳಲಿ, ಆ ತಾಯಿ ತನ್ನ ಆಸ್ತಿ ಸುರಿದರು. ಆದರೆ ನನ್ನ ಜಗಳ ಇಲ್ಲಿದೆ. ಆ ಇಬ್ಬರು ಬಡಗಿಗಳಿಲ್ಲದಿದ್ದರೆ ಮೇಯರ್ ಕೊಳ್ಳುವುದಕ್ಕೆ ಏನಿರುತ್ತಿತ್ತು? ನದಿಯ ತಳದಲ್ಲಿ ಒಂದು ಕೆಂಪು ಕಲೆ. ಎಂಡೆವರ್ ಕತೆ ಹೇಳುವಾಗ ಅವರಿಗೆ ಸಿಗುವುದು ಒಂದು ಸಾಲು. ಆ ಒಂದು ಸಾಲಿನಲ್ಲೂ ಜನ ನಗುವುದು ಚೀಲಕ್ಕೆ.

ಇನ್ನೂ ಒಂದು ಇದೆ, ಬೇರೆ ಥರದ್ದು. ಬ್ರಿಟಾನಿಯಾ, ರಾಜಮನೆತನದ ಯಾಟ್, 1893ರದು. 635 ಪಂದ್ಯಕ್ಕೆ ಇಳಿದು 231ರಲ್ಲಿ ಮೊದಲು ಬಂತು. ಐದನೇ ಜಾರ್ಜ್ ತೀರಿಕೊಂಡ ಮೇಲೆ, ಅವರ ಇಚ್ಛೆಯಂತೆ, 1936ರ ಜುಲೈ 10ರಂದು ವೈಟ್ ದ್ವೀಪದ ದಕ್ಷಿಣಕ್ಕೆ ಒಯ್ದು ಮುಳುಗಿಸಿದರು. ಗೌರವದ ಸಾವು ಅನ್ನುತ್ತಾರೆ. ಇರಬಹುದು. ನನಗೇನೋ ಗಂಡನ ಜೊತೆ ಹೆಂಡತಿಯನ್ನು ಚಿತೆಗೆ ಹಾಕಿದ ಹಾಗೆ ಕಾಣುತ್ತದೆ. ಅದಕ್ಕೆ 10 ಪೌಂಡಿನವರು ಸಿಗುವ ಅವಕಾಶವನ್ನೇ ಕೊಡಲಿಲ್ಲ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. 5 ನಿಮಿಷ. ಲಿಪ್ಟನ್ ಕತೆ ಬಾಕಿ ಇದೆ. ಟೀ ಪುಡಿ ಲಿಪ್ಟನ್ನೇ. ಐದು ಸಲ ಕಪ್ಪಿಗೆ ಹೋಗಿ ಐದು ಸಲವೂ ಸೋತ ಪುಣ್ಯಾತ್ಮ. ಅಮೆರಿಕದವರು ಮನಸ್ಸು ಕರಗಿ ಚಂದಾ ಎತ್ತಿ ಬೇರೆ ಚಿನ್ನದ ಕಪ್ ಮಾಡಿಸಿ ಕೊಟ್ಟರು. ಅವರ 1930ರ ಶಾಮ್‌ರಾಕ್ ಉಳಿದ ಮೂರರಲ್ಲಿ ಒಂದು. ಅದನ್ನು ಇನ್ನೊಂದು ಸಲ, ಟೀ ಜೊತೆ.

ಮೇಯರ್ ಆದ ಮೇಲೆ ಎಂಡೆವರ್ 2000ದಲ್ಲಿ ಅಮೆರಿಕದ ಟೈಕೋ ಕಂಪನಿಯ ಮುಖ್ಯಸ್ಥ ಕೊಜ್ಲೋವ್‌ಸ್ಕಿ ಕೈಗೆ ಹೋಯಿತು. 2005ರಲ್ಲಿ ಕಂಪನಿಯ ದುಡ್ಡು ಹೊಡೆದ ಕೇಸಿನಲ್ಲಿ ಆತ ಜೈಲಿಗೆ. 2006ರಲ್ಲಿ ಹಡಗು 1 ಕೋಟಿ 31 ಲಕ್ಷ ಡಾಲರಿಗೆ ಮಾರಾಟವಾಯಿತು. 10 ಪೌಂಡ್ ಎಲ್ಲಿ, ಅದೆಲ್ಲಿ. ಆಯಿತು, ಆಯಿತು, ಮುಗಿಸುತ್ತೇನೆ.

ಪುಸ್ತಕದ ಪೆಟ್ಟಿಗೆಗಳು. ಸಂಬಂಧ ಏನು ಅಂತ ಕೇಳಿದ್ದಿರಿ. ನನ್ನ ಕಾರಿನ ಡಿಕ್ಕಿ ಖಾಲಿ ಮಾಡಿಕೊಂಡು ಬಂದಿದ್ದೇನೆ. 4 ಪೆಟ್ಟಿಗೆ ಹಿಡಿಸುತ್ತದೆ. ನಮ್ಮ ಮನೆ ಮಹಡಿಯ ಕೋಣೆ ಚಿಕ್ಕದು, ಆದರೆ ಒಣಗಿದೆ. ಇನ್ನು 7 ಉಳಿಯುತ್ತವೆ. ಊಟ ಆದ ಮೇಲೆ ಗ್ಯಾರೇಜಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹೇಳಿ. ಹೊರಗೆ ಮಳೆ ಬರುತ್ತಿದೆ ಅಂತ ಹಿಂಜರಿಯಬೇಡಿ. ಪ್ಲಾಸ್ಟಿಕ್ ಚೀಲ ನಾನೇ ತಂದಿದ್ದೇನೆ.