ರೂಟರ್ ಒಂದು ಹೇಳುತ್ತೆ, ಖಾತೆ ಇನ್ನೊಂದು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಮನೆ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿದೆ. ಹೋದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಒಂದು ಸಂಜೆ ಜೋರು ಗುಡುಗು, ಸಿಡಿಲು. ಕರೆಂಟು ಹೋಯಿತು. ಮತ್ತೆ ಬಂದಾಗ ಎಲ್ಲ ಸರಿಯಿತ್ತು, ಇಂಟರ್ನೆಟ್ ರೂಟರ್ ಮಾತ್ರ ಏಳಲಿಲ್ಲ. ನಮ್ಮದು ಫೈಬರ್ ಲೈನು. ಫೈಬರ್ ಅಂದರೆ ಗಾಜಿನ ಎಳೆ, ಆ ಎಳೆಯೊಳಗೆ ಕರೆಂಟು ಹರಿಯುವುದಿಲ್ಲ. ಏಟು ಬಂದಿದ್ದು ಗೋಡೆಯ ಪ್ಲಗ್ಗಿನಿಂದ. ಮೋಡ ಕಟ್ಟಿದಾಗಲೇ, ಗುಡುಗು ಶುರುವಾಗುವ ಮುಂಚೆಯೇ ಅಡಾಪ್ಟರ್ ಕಿತ್ತಿಡಿ, ದಯವಿಟ್ಟು.

ಮಾರನೇ ದಿನ ಲೈನ್ ನೋಡಿಕೊಳ್ಳುವ ಹುಡುಗ ಬಂದ. ಹೊಸ ರೂಟರ್ ಬರಲು ತಡ ಆಗುತ್ತೆ, ಅಲ್ಲಿಯವರೆಗೆ ಇದು ಇರಲಿ ಅಂತ ಇನ್ನೊಂದನ್ನು ಸಿಕ್ಕಿಸಿದ. ಐದೇ ನಿಮಿಷದಲ್ಲಿ ನೆಟ್ ಬಂತು. ಮಗಳು ಮನೆಯಿಂದಲೇ ಆಫೀಸಿನ ಕೆಲಸ ಮಾಡುವವಳು, ಅವಳಿಗೆ ಜೀವ ಬಂದ ಹಾಗಾಯಿತು.

ಹತ್ತು ದಿನ ಕಳೆದು, ಎಷ್ಟು ಡೇಟಾ ಖರ್ಚಾಗಿದೆ ನೋಡೋಣ ಅಂತ ಕಂಪನಿಯ ಆ್ಯಪ್‌ನಲ್ಲಿ ನಮ್ಮ ಖಾತೆ ತೆರೆದೆ. ಮೇಲೆ ಕೆಂಪು ಚುಕ್ಕಿ, ಪಕ್ಕದಲ್ಲಿ 'ಆಫ್‌ಲೈನ್'. ಅದರ ಕೆಳಗೆ, ಬಳಸಿದ ಡೇಟಾ 0 ಜಿಬಿ. ಅದೇ ಹೊತ್ತಿಗೆ ಮಗಳು ಪಕ್ಕದ ಕೋಣೆಯಲ್ಲಿ ವಿಡಿಯೋ ಮೀಟಿಂಗ್‌ನಲ್ಲಿ ಮಾತಾಡುತ್ತಿದ್ದಳು! ಆ್ಯಪ್ ಕೆಟ್ಟಿರಬೇಕು ಅಂದುಕೊಂಡು ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಮೂರು ವಾರಕ್ಕೆ ನೆಟ್ ನಿಂತಿತು. ಖಾತೆಯಲ್ಲಿ ನೋಡಿದರೆ ಪ್ಲಾನ್ ಚಾಲ್ತಿಯಲ್ಲಿದೆ, ದುಡ್ಡು ಕಟ್ಟಿದೆ. ರೂಟರಿನಲ್ಲಿ ಫೈಬರಿನ ಲೈಟು ಹಸಿರು, ವೈಫೈ ಲೈಟು ಹಸಿರು, ಇಂಟರ್ನೆಟ್ ಲೈಟು ಮಾತ್ರ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, 'ನಮ್ಮ ಕಡೆಯಿಂದ ಎಲ್ಲ ಸರಿ ಇದೆ ಸರ್' ಅಂದರು.

ಆಮೇಲೆ ರೂಟರಿನ ಒಳಗಿನ ಪುಟ ತೆರೆದೆ. ಅದು ಕಷ್ಟವೇನಲ್ಲ. ಮನೆಯ ವೈಫೈಗೆ ಸೇರಿಕೊಂಡಿರುವ ಫೋನಿನಲ್ಲಿ ಬ್ರೌಸರ್ ತೆಗೆದು 192.168.1.1 ಅಂತ ಹೊಡೆದರೆ ಎಷ್ಟೋ ರೂಟರುಗಳ ಪುಟ ಬರುತ್ತದೆ. ಬರದಿದ್ದರೆ ಡಬ್ಬಿಯ ತಳದ ಸ್ಟಿಕ್ಕರ್ ನೋಡಿ, ವಿಳಾಸ ಅಲ್ಲಿರುತ್ತದೆ. ಒಳಗೆ 'ವ್ಯಾನ್' (WAN) ಎಂಬ ಭಾಗದಲ್ಲಿ, ಅಂದರೆ ಹೊರಗಿನಿಂದ ಬರುವ ಲೈನಿನ ಸೆಟಿಂಗ್ ಇರುವ ಕಡೆ, ಯೂಸರ್ ಐಡಿ ಕಾಣಿಸಿತು. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿಗಳು. ಆದರೆ ಐಡಿ ಸಾಕಾಯಿತು. ಅದು ನಮ್ಮದಲ್ಲ.

ಹುಡುಗನನ್ನು ಕೇಳಿದಾಗ ವಿಷಯ ಹೊರಬಂತು. ಆ ರೂಟರ್ ಮೇಲಿನ ಕೇರಿಯ ಒಂದು ಮನೆಯದು. ಅವರು ಮನೆಗೆ ಬೀಗ ಹಾಕಿ ಶಿವಮೊಗ್ಗದ ಮಗನ ಮನೆಗೆ ಹೋಗಿದ್ದರು. ರಿಪೇರಿಗೆ ಅಂತ ಕೊಟ್ಟ ಡಬ್ಬಿ ಇವನ ಹತ್ತಿರವೇ ಇತ್ತು. ಅವರು ಹಾಕಿಸಿದ್ದ ವರ್ಷದ ಪ್ಯಾಕ್ ನಮ್ಮ ನೆಟ್ ನಿಂತ ದಿನವೇ ಮುಗಿದಿತ್ತು.

ಇದು ಹೇಗೆ ಆಗುತ್ತದೆ? ನಮ್ಮಂಥ ಎಷ್ಟೋ ಲೈನುಗಳಲ್ಲಿ ಪಿಪಿಪಿಒಇ ಎಂಬ ಪದ್ಧತಿ ಇದೆ, 1999ರಿಂದ ಬಳಕೆಯಲ್ಲಿರುವಂಥದ್ದು. ರೂಟರ್ ಆನ್ ಆದ ಕೂಡಲೇ ಒಂದು ಐಡಿ, ಒಂದು ಪಾಸ್‌ವರ್ಡ್ ಹೇಳಿ ಬಾಗಿಲು ತಟ್ಟುತ್ತದೆ. ಆಚೆ ಕಡೆಯ ಕಂಪ್ಯೂಟರಿಗೆ ಡಬ್ಬಿ ಯಾರ ಮನೆಯಲ್ಲಿದೆ ಅನ್ನುವುದು ಮುಖ್ಯ ಅಲ್ಲ, ಐಡಿ ಯಾರದು ಅನ್ನುವುದೇ ಮುಖ್ಯ. ಡೇಟಾ ಲೆಕ್ಕ, ರೀಚಾರ್ಜ್, ಸ್ಪೀಡು ಎಲ್ಲವೂ ಆ ಐಡಿಗೇ ಹೋಗುತ್ತದೆ. ಇನ್ನೂ ದೊಡ್ಡ ಮಾತೊಂದಿದೆ. ಯಾವ ಐಡಿ ಯಾವ ಹೊತ್ತಿಗೆ ನೆಟ್ ಬಳಸಿತು ಅನ್ನುವ ದಾಖಲೆಯನ್ನು ಕಂಪನಿಗಳು ಇಡಲೇಬೇಕು, ಅದು ಲೈಸೆನ್ಸಿನ ಷರತ್ತು. ಮೂರು ವಾರ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಇನ್ನೊಬ್ಬರ ಹೆಸರಲ್ಲಿ ದಾಖಲಾಗಿದೆ. ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಸಂಕಟ ಆಗುತ್ತದೆ.

ಹೊಸ ರೂಟರ್ ಬಂತು, ನಮ್ಮದೇ ಐಡಿ ಹಾಕಿದೆವು. ಆಗಲೂ ನೆಟ್ ಬರಲಿಲ್ಲ. ಕಂಪನಿಯ ಖಾತೆಯಲ್ಲಿ ನಮ್ಮ ಐಡಿಯನ್ನು ಸಿಡಿಲಿಗೆ ಸುಟ್ಟ ಡಬ್ಬಿಯ ಮ್ಯಾಕ್ ಅಡ್ರೆಸ್‌ಗೆ ಕಟ್ಟಿಹಾಕಿದ್ದರು. ಎಲ್ಲ ಕಂಪನಿಗಳೂ ಹೀಗೆ ಮಾಡುವುದಿಲ್ಲ, ನಮ್ಮದು ಮಾಡಿತ್ತು. ಮ್ಯಾಕ್ ಅಡ್ರೆಸ್ ಅಂದರೆ ಡಬ್ಬಿಯ ತಳದಲ್ಲಿ ಬರೆದಿರುವ 12 ಅಕ್ಷರ, ಅಂಕಿಗಳ ಗುರುತು. ಹೊಸ ಡಬ್ಬಿಯದನ್ನು ಫೋನಿನಲ್ಲಿ ಕಂಪನಿಯವರಿಗೆ ಓದಿ ಹೇಳಿದೆ. ಅರ್ಧ ಗಂಟೆ ಕಾದರೂ ಇಲ್ಲ. ಮತ್ತೆ ಫೋನ್ ಮಾಡಿ, ನೀವು ಬರೆದುಕೊಂಡಿದ್ದನ್ನು ಓದಿ ಅಂದೆ. ನಾನು ಡಿ ಅಂದದ್ದು ಅವರಿಗೆ ಬಿ ಅಂತ ಕೇಳಿಸಿತ್ತು. ಡಿ, ಡೆಲ್ಲಿಯ ಡಿ ಅಂತ ಬಿಡಿಸಿ ಹೇಳಿದ ಮೇಲೆ ಎರಡು ನಿಮಿಷದಲ್ಲಿ ಇಂಟರ್ನೆಟ್ ಲೈಟು ಹತ್ತಿತು.

ಹೀಗೆ ಲೆಕ್ಕ ಎರಡು ಕಡೆ ಇರುತ್ತದೆ, ಕೇಳುಗರೇ. ಡಬ್ಬಿಯ ಒಳಗೊಂದು, ಕಂಪನಿಯಲ್ಲೊಂದು. ಐಡಿ, ಪ್ಲಾನ್ ವಿಷಯದಲ್ಲಿ ಕಂಪನಿ ಬರೆದದ್ದೇ ನಡೆಯುವುದು. ವೈಫೈ ಹೆಸರು, ವೈಫೈ ಪಾಸ್‌ವರ್ಡ್ ಸಾಮಾನ್ಯವಾಗಿ ಡಬ್ಬಿಯಲ್ಲಿ ಇದ್ದದ್ದೇ ನಡೆಯುತ್ತದೆ. ಆದರೆ ಕೆಲವು ಕಂಪನಿಗಳು ಟಿಆರ್-069 ಎಂಬ ವ್ಯವಸ್ಥೆಯಿಂದ ದೂರದಲ್ಲೇ ಕೂತು ರೂಟರಿನ ಸೆಟಿಂಗ್ ಬದಲಿಸುತ್ತವೆ. ಅಂಥ ಕಡೆ ನೀವು ಡಬ್ಬಿಯಲ್ಲಿ ಬದಲಿಸಿದ ಹೆಸರು ಆ್ಯಪ್‌ನಲ್ಲಿ ಕಾಣಿಸದೇ ಇರಬಹುದು. ಒಂದು ದಿನ ಹಳೇ ಹೆಸರೇ ವಾಪಸ್ ಬಂದುಬಿಡಬಹುದು. ಅಲ್ಲಿ ಆ್ಯಪ್‌ನಿಂದಲೇ ಬದಲಿಸಿ.

ಮತ್ತೊಂದು ಮಾತು. ಡಬ್ಬಿಯ ಹಿಂದೆ ಪಿನ್ ಚುಚ್ಚುವ ಸಣ್ಣ ತೂತು ಇರುತ್ತದಲ್ಲ, ಆ ರೀಸೆಟ್ ಗುಂಡಿಗೆ ಸುಮ್ನೆ ಕೈ ಹಾಕಬೇಡಿ. ಅದನ್ನು ಒತ್ತಿದರೆ ಐಡಿ, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತದೆ. ಬರೆದಿಟ್ಟುಕೊಂಡಿಲ್ಲದಿದ್ದರೆ ಮತ್ತೆ ಆ ಹುಡುಗ ಬರುವವರೆಗೆ ಕಾಯಬೇಕು. ಸ್ವಿಚ್ ಆಫ್ ಮಾಡಿ ಆನ್ ಮಾಡುವುದು ಬೇರೆ, ಅದರಿಂದ ಏನೂ ಅಳಿಸುವುದಿಲ್ಲ.

ಕಂಪನಿಯವರು ಎಲ್ಲ ಸರಿ ಇದೆ ಅಂತಲೇ ಹೇಳುತ್ತಿದ್ದರೆ, ದೂರು ದಾಖಲಿಸಿ ಡಾಕೆಟ್ ನಂಬರ್, ಅಂದರೆ ಆ ದೂರಿನ ಗುರುತಿನ ನಂಬರ್ ಕೇಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2012ರಲ್ಲಿ ಮಾಡಿದ ನಿಯಮದ ಪ್ರಕಾರ ಅವರು ಅದನ್ನು ಕೊಡಬೇಕು. ಆಗಲೂ ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು, ಆಗ ಈ ನಂಬರ್ ಬೇಕು.

ಈಗ ನಾನು ಏನು ಮಾಡುತ್ತೇನೆ ಗೊತ್ತಾ? ರಿಪೇರಿಗೆ ಯಾರೇ ಬರಲಿ, ಅವರು ಬೈಕ್ ಹತ್ತುವ ಮುಂಚೆ ರೂಟರಿನ ಪುಟದ ಐಡಿ, ಆ್ಯಪ್‌ನ ಐಡಿ ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತೇನೆ. ಖಾತೆಯಲ್ಲಿ 'ಆನ್‌ಲೈನ್' ಅಂತ ಬಂತಾ ನೋಡುತ್ತೇನೆ. ಬೇಸರ ಮಾಡಿಕೊಳ್ಳದೆ ಅವರೂ ನಿಲ್ಲುತ್ತಾರೆ.

ಶಿವಮೊಗ್ಗದಲ್ಲಿದ್ದ ಆ ಹಿರಿಯರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ನಾವು ಬಳಸಿದ ದಿನಗಳ ದುಡ್ಡು ಕಳಿಸುತ್ತೇನೆ ಅಂದೆ. ದುಡ್ಡು ಬೇಡ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ಮ ಐಡಿ ಯಾವುದು ಅಂತ ನಂಗೇ ಗೊತ್ತಿಲ್ಲ ಮಾರಾಯ, ಅದನ್ನೊಂದು ಬರೆದು ಕಳಿಸು' ಅಂದರು. ಅವತ್ತೇ ಬರೆದು ಕಳಿಸಿದೆ.

ನಮಸ್ಕಾರ.