ಮೇಣದ ನಟರಾಜ ಲೋಹ ಆದದ್ದು: ಸ್ವಾಮಿಮಲೈಯಲ್ಲಿ ಎರಡು ದಿನ

ಈ ಮಣ್ಣಿನ ಮುದ್ದೆ ನೋಡಿ. ಕಂಬಿ ಬೇರೆ ಸುತ್ತಿದ್ದಾರೆ. ಇದರೊಳಗೆ ನಟರಾಜ ಇದ್ದಾನೆ, ಸದ್ಯಕ್ಕೆ ಮೇಣದವನು.

ಬೆಂಗಳೂರಲ್ಲಿ ಸಂಜೆ ರೈಲು ಹತ್ತಿ ಬೆಳಿಗ್ಗೆ ಕುಂಭಕೋಣದಲ್ಲಿ ಇಳಿದೆ. ಅಲ್ಲಿಂದ ಸ್ವಾಮಿಮಲೈ ಹತ್ತಿರವೇ, ಆಟೋ ಸಾಕು. ಚೋಳರ ಕಾಲದ ವಿಧಾನದಲ್ಲೇ ಇಲ್ಲಿನ ಸ್ಥಪತಿಗಳು, ಅಂದರೆ ಮೂರ್ತಿ ಮಾಡುವ ಶಿಲ್ಪಿಗಳು, ಇವತ್ತಿಗೂ ಎರಕ ಹೊಯ್ಯುತ್ತಾರೆ. ನಿಜ ಹೇಳಬೇಕೆಂದರೆ ನಾನು ಬಂದದ್ದು ಬೆಂಕಿ ನೋಡೋಕೆ, ಆದರೆ ಜಾಸ್ತಿ ನೋಡಿದ್ದು ಮಣ್ಣನ್ನೇ.

ಜೇನುಮೇಣ, ರಾಳ, ಕಡಲೆಕಾಯಿ ಎಣ್ಣೆ ಕಾಯಿಸಿ ಬೆರೆಸಿ ಮೊದಲು ಮೂರ್ತಿ ಮಾಡುತ್ತಾರೆ. ಅಳತೆಗೆ ಟೇಪ್ ಇಲ್ಲ. ತೆಂಗಿನ ಗರಿಯ ಪಟ್ಟಿಯನ್ನು ಮೂರ್ತಿಯ ಎತ್ತರಕ್ಕೆ ಕತ್ತರಿಸಿ ಮಡಚುತ್ತಾ ಹೋಗುತ್ತಾರೆ, ಆ ಮಡಿಕೆಗಳೇ ಅಳತೆ. ಮಣ್ಣು ಮೆತ್ತುವ ಮೊದಲು ಮೇಣವನ್ನು ತೂಗುತ್ತಾರೆ, ಲೋಹ ಎಷ್ಟು ಬೇಕು ಅಂತ ತಿಳಿಯಲು. ನಮ್ಮ ಕಲ್ಯಾಣ ಚಾಲುಕ್ಯರ ದೊರೆ 3ನೇ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಈ ಲೆಕ್ಕ ಬರೆದಿಟ್ಟಿದ್ದಾನೆ: ತಾಮ್ರವಾದರೆ ಮೇಣದ 8 ಅಥವಾ 10 ಪಟ್ಟು. ರಾಜನಿಗೆ ಎಷ್ಟೆಲ್ಲ ಗೊತ್ತಿತ್ತು ನೋಡಿ!

ಮೊದಲ ಪದರಕ್ಕೆ ಕಾವೇರಿಯ ಮೆಕ್ಕಲು ಮಣ್ಣು. ಬೆರಳಲ್ಲಿ ತಿಕ್ಕಿ ನೋಡಿದೆ, ಮುಖಕ್ಕೆ ಹಾಕುವ ಪೌಡರ್ ಥರ ಇತ್ತು. ತಲಕಾವೇರಿಯಿಂದ ಇಷ್ಟು ದೂರ ಬರುವಷ್ಟರಲ್ಲಿ ನದಿ ಅದನ್ನು ಅಷ್ಟು ಸಣ್ಣಗೆ ಅರೆದಿರುತ್ತದೆ, ಅದಕ್ಕೇ ದೇವರ ಉಗುರಿನ ಗೆರೆ ಕೂಡ ಅಚ್ಚಿನಲ್ಲಿ ಮೂಡುತ್ತದೆ.

ಬೆರಣಿ ಬೆಂಕಿಯಲ್ಲಿ ಅಚ್ಚು ಕಾದಾಗ ಮೇಣ ಕರಗಿ ತೂತಿನಿಂದ ಸುರಿಯಿತು. ಅಷ್ಟು ದಿನ ಕೂತು ಮಾಡಿದ್ದು ಹೀಗೆ ಹೋಯಿತಲ್ಲ ಅಂತ ನನಗೇ ಕರುಳು ಚುರ್ ಎಂದಿತು. ಆ ಬಿಸಿ ಆರುವ ಮೊದಲೇ ಅಚ್ಚನ್ನು ಗುಂಡಿಯಲ್ಲಿ ಹೂತು, ಬಾಯಿ ಮಾತ್ರ ಮೇಲೆ ಬಿಟ್ಟು, ಲೋಹ ಹೊಯ್ಯಬೇಕು. ಇಲ್ಲದಿದ್ದರೆ ಬೆರಳ ತುದಿಗೆ ಹೋಗುವ ಮೊದಲೇ ಅದು ಗಟ್ಟಿಯಾಗುತ್ತದೆ.

ತಾಮ್ರ ಕರಗುವುದು ಸುಮಾರು 1085 ಡಿಗ್ರಿಯಲ್ಲಿ. ಇಬ್ಬರು ಇಕ್ಕಳ ಹಿಡಿದು ಮೂಸೆ, ಅಂದರೆ ಲೋಹ ಕರಗಿಸುವ ಪಾತ್ರೆ, ಎತ್ತಿದರು. ಸಣ್ಣ ಧಾರೆ, ನಡುವೆ ಕಡಿಯುವ ಹಾಗಿಲ್ಲ. ಯಾರೂ ಮಾತಾಡಲಿಲ್ಲ. ಇಲ್ಲಿ ವಿಡಿಯೋ ಅಲುಗಾಡುತ್ತಿದೆ ಅಲ್ವಾ, ಕ್ಷಮಿಸಿ, ಆ ಝಳಕ್ಕೆ ಹಿಂದೆ ಹಿಂದೆ ಸರಿದು ಬಕೆಟ್ ಎಡವಿದೆ. ಎದ್ದು ಫೋಕಸ್ ಸರಿ ಮಾಡುವಷ್ಟರಲ್ಲಿ ಮುಗಿದೇ ಹೋಗಿತ್ತು.

ಮರುದಿನ ಅಚ್ಚು ಒಡೆದರು. ಒಡೆದರೆ ಆ ಅಚ್ಚಿನ ಕಥೆ ಮುಗಿಯಿತು, ಅದರಿಂದ ಇನ್ನೊಂದು ಬರುವುದಿಲ್ಲ. ಒಳಗಿನಿಂದ ಬಂದ ನಟರಾಜ ಕಪ್ಪಗೆ, ಒರಟಾಗಿ ಇದ್ದ. ಉಳಿ, ಅರ ಹಿಡಿದು ಇನ್ನೂ ಎಷ್ಟೋ ದಿನದ ಕೆಲಸ ಬಾಕಿ. ಸ್ಥಪತಿ ಮೊದಲು ಮಣ್ಣು ಕೆರೆದು ನೋಡಿದ್ದು ಎತ್ತಿದ ಕಾಲಿನ ಬೆರಳುಗಳನ್ನು.

ಐದೂ ಇದ್ದವು.